ಹದಿಮೂರು ಅಕ್ಷರ

ಅಚಾವೊದ ದಕ್ಕೆಯಲ್ಲಿ ಫೆರಿಯ ಎಂಜಿನ್ ಆರಿಸಿ ಬಂದು
ಡೀಸೆಲ್ ವಾಸನೆಯ ಕೈಯಲ್ಲೇ ನಾನು
ಮಾವನ ರೇಡಿಯೊಗೆ ಲ್ಯಾಪ್‌ಟಾಪ್ ಕಟ್ಟಿದೆ.
ಒಂದು ಕೇಬಲ್ಲು, ಅಷ್ಟೆ. ಎಲ್ಯುತೇರಿಯೊ ಮಾವ ಮಾತ್ರ
ಹೊಸ ಸೊಸೆ ತಂದ ಪೆಟ್ಟಿಗೆಯನ್ನು ನೋಡುವ ಅತ್ತೆಯ ಹಾಗೆ
ದೂರದಿಂದಲೇ ನೋಡಿದ.

"ಇದು ಮಾತಲ್ಲ, ಹಾಜರಿ" ಅಂದ.
"ಹೆಸರು, ಊರಿನ ಚೌಕ, ಒಂದು ಅಂಕಿ, ಹೋಗಿ ಬನ್ನಿ.
ಕೂಗಿದವರಿಗೆಲ್ಲ ಬಂದೆ ಅನ್ನುವುದಕ್ಕೆ
ನಲವತ್ತು ವರ್ಷ ಬೆರಳು ಸವೆಸಬೇಕಿತ್ತೆ?"

ಸವೆದದ್ದು ನಿಜ. ಮೋರ್ಸ್ ಕೀಲಿಯ ಗುಂಡಿ
ಅವನ ತೋರುಬೆರಳಿನ ಅಚ್ಚಿಗೇ ಗುಳಿಬಿದ್ದಿದೆ.
ದೀಪ ಆರಿಸಿ ಕೂತು, ಚುಕ್ಕೆ ಗೆರೆ ಕೇಳಿ ಹೇಳುತ್ತಿದ್ದ:
ಇವನು ಹಡಗಿನಲ್ಲಿ ಕಲಿತವನು, ಇವಳಿಗೆ ನೆಗಡಿ,
ಇವನು ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದಾನೆ.
ಫ್ಯಾರೋ ದ್ವೀಪದ ಹಾನುಸನ ಕೈಗೆ ತುಸು ಕುಂಟು.
ಕೊನೆಯ ಗೆರೆಯನ್ನು ಎಳೆಯುತ್ತಿದ್ದ,
ಹೊಸ್ತಿಲು ದಾಟುವಾಗ ಇನ್ನೊಂದು ಮಾತು ನೆನಪಾದವನಂತೆ.
ಮಾತೇನು, ಮೂವತ್ತೊಂದು ವರ್ಷ ಒಂದೇ ಪ್ರಶ್ನೆ:
ಕುರಿ ಎಷ್ಟು? ಇವನಿಗೆ ಇಷ್ಟು, ಅವನಿಗೆ ಅಷ್ಟು.
ಮುಖ ನೋಡಿಲ್ಲ. ಒಂದು ಕಾರ್ಡಿದೆ, ಬಂಡೆಯ ಚಿತ್ರದ್ದು,
ಒಲೆಯ ಹೊಗೆಗೆ ಕಂದು ತಿರುಗಿದೆ.
ಮೂರು ಚಳಿಗಾಲದಿಂದ ಆ ಕುಂಟು ಕೇಳಿಸಿಲ್ಲ.
ಮನೆಯಲ್ಲಿ ಯಾರೂ ಆ ವಿಷಯ ಎತ್ತುವುದಿಲ್ಲ.

ಕೊಲ್ಲಿಗೆ ಸಾಲ್ಮನ್ ಸಾಕುವವರ ದೀಪಗಳು ಬಂದಮೇಲೆ
ಬ್ಯಾಂಡಿನ ತುಂಬ ಗೊರಗೊರ.
ಹಾನುಸ್ ಸುಮ್ಮನಾದನೋ, ನಾವು ಕಿವುಡಾದೆವೋ,
ಅದನ್ನು ತಿಳಿಯಲೆಂದೇ ಈ ಕೇಬಲ್ಲು. ಮಾವನಿಗೆ ಹೇಳಲಿಲ್ಲ.

ಮೊದಲು ಗಡಿಯಾರ ಸರಿಮಾಡಬೇಕಾಯಿತು.
ಎರಡು ಮೂರು ಸೆಕೆಂಡು ತಪ್ಪಿದರೆ ಈ ವಿದ್ಯೆ ಕೆಲಸಕ್ಕೆ ಬಾರದು.
ಚರ್ಚಿನ ಗಂಟೆಯೇ ಏಳು ನಿಮಿಷ ತಡವಾಗಿ ಹೊಡೆಯುವ ಊರಲ್ಲಿ
ಅದನ್ನು ವಿವರಿಸುವುದು ಹೇಗೆ? ಮಾವ ನಕ್ಕ.

ಆಮೇಲೆ ಪರದೆಯ ಮೇಲೆ ನೀಲಿ ಇಳಿಯತೊಡಗಿತು,
ಅದರೊಳಗೆ ಹಳದಿ ಎಳೆಗಳು, ಮಗ್ಗಕ್ಕೆ ಹಾಸು ಹೂಡಿದಂತೆ.
ಹದಿನೈದು ಸೆಕೆಂಡು ನಾವು, ಹದಿನೈದು ಸೆಕೆಂಡು ಜಗತ್ತು.
ಸ್ಪೀಕರಿನಲ್ಲಿ ಕುದಿಯಲಾರದ ಕೆಟಲಿನ ಕೊರಗು.
ಬಲ್ಗೇರಿಯ. ಕೇಪ್ ವರ್ಡ್. ಒಸಾಕಾದ ಯಾರೋ.
ಸದ್ದಿನ ಅಡಿ ಹೂತವರನ್ನೂ ಯಂತ್ರ ಕೆದಕಿ ತೆಗೆಯುತ್ತದೆ.

ಕತ್ತಲಾಗುವ ಹೊತ್ತಿಗೆ, ಮೈನಸ್ ಇಪ್ಪತ್ತೆರಡರಲ್ಲಿ,
ಓ, ವೈ ಎಂದು ಶುರುವಾಗುವ ಒಂದು ಸಾಲು.

ಮಾವ ಕುರ್ಚಿ ಎಳೆದುಕೊಂಡ. ಲೋಟ ಎಲ್ಲಿಟ್ಟನೋ.
"ಅಕ್ಷರ ಅವನದೇ. ಅವನೇ ಅಂತ ಹೇಗೆ ಹೇಳಲಿ?
ಇಲ್ಲಿ ಎಲ್ಲರದೂ ಒಂದೇ ಕೈ."
"ಮಗನಿರಬಹುದು" ಅಂದೆ. ಅನ್ನಬಾರದಿತ್ತು.

ಸ್ವಂತ ಮಾತಿಗೂ ಜಾಗವಿದೆ, ಮಾವ. ಹದಿಮೂರು ಅಕ್ಷರ,
ನಡುವಿನ ಖಾಲಿಯನ್ನೂ ಸೇರಿಸಿ.
ಅವನು ಬೆರಳು ಮಡಚಿ ಎಣಿಸಿದ. ಅಳಿಸಿದ. ಎಣಿಸಿದ.
ಎಲ್ಲಿದ್ದೆ ಇಷ್ಟು ದಿನ ಎಂಬುದು ಹಿಡಿಸಲಿಲ್ಲ.
ಕೊನೆಗೆ ಹಾನುಸನಿಗೆ ಗೊತ್ತಿದ್ದ ಒಂದೇ ಸ್ಪ್ಯಾನಿಷ್ ಪದ, ಕುರಿಗಳು:
ಓವೇಹಾಸ್ ಹಾನುಸ್?
ನಮ್ಮ ಲಿಪಿಯಲ್ಲಿ ಆರು, ಒಂದು ಖಾಲಿ, ಐದು, ಒಂದು ಪ್ರಶ್ನೆ.

ಹದಿನೈದು ಸೆಕೆಂಡು. ಏನಿಲ್ಲ.
ಮತ್ತೆ ಕಳಿಸಿದೆ. ಏನಿಲ್ಲ.
ಒಲೆಗೆ ಕಟ್ಟಿಗೆ ಹಾಕಲು ಎದ್ದವನು ಬೆನ್ನು ತಿರುಗಿಸಿದ್ದಾಗ ಬಂತು,
ಅದೂ ಎಣಿಸಿ ಬರೆದದ್ದೇ ಇರಬೇಕು:
ನಲವತ್ತೊಂದು. ಕೈ ಹೋಯ್ತು.

ಮಾವ ಇನ್ನೊಮ್ಮೆ ಓದಿಸಿದ.
"ಸುಳ್ಳುಗಾರ. ಕೈಯಿಲ್ಲದೆ ಆ ಬಂಡೆಯ ಮೇಲೆ
ನಲವತ್ತೊಂದನ್ನು ಯಾರು ಕಾಯುತ್ತಾರೆ" ಎಂದು ಗೊಣಗಿ
ಸ್ಪೀಕರಿನ ತಿರುಪನ್ನು ಬಲಕ್ಕೆ, ಇನ್ನೂ ಬಲಕ್ಕೆ ತಿರುಗಿಸಿದ.
ಮೈನಸ್ ಇಪ್ಪತ್ತೆರಡು ಎಂದರೆ ಮನುಷ್ಯರ ಕಿವಿಗೆ ಏನೂ ಇಲ್ಲ,
ತಗಡಿನ ಮೇಲೆ ಮರಳು ಸುರಿದ ಸದ್ದು, ಅಷ್ಟೆ.
ಅವನು ಕಿವಿಯನ್ನು ಅದಕ್ಕೇ ಒತ್ತಿ,
"ಕೇಳಿತಾ? ಕೊನೆಯಲ್ಲಿ. ಸ್ವಲ್ಪ ಎಳೆದ."

ನಾನು ಗಡಿಯಾರ ನೋಡಿದೆ.
ನಮ್ಮ ಸರದಿಗೆ ಇನ್ನು ನಾಲ್ಕು ಸೆಕೆಂಡು ಇತ್ತು.